ಬಿಡಿಸಿದ್ದು

ಐದೂಮುಕ್ಕಾಲಿಗೆ ಹಳದಿ ಬಸ್ಸು
ಮುತ್ರಾದ ಈ ಇಳಿಜಾರಿನಲ್ಲಿ ಈಗಲೂ ಹಾರ್ನ್ ಹೊಡೆಯುತ್ತದೆ,
ನಮಗಲ್ಲ, ಎರಡನೇ ಮಹಡಿಯ ಅವಳಿ ಮಕ್ಕಳಿಗೆ.
ಆದರೂ ನನ್ನ ಕೈ ಕತ್ತಲಲ್ಲಿ ಟಿಫಿನ್ ಮುಚ್ಚಳ ಹುಡುಕುತ್ತದೆ.
ಅರ್ವಾ ಮಗ್ಗುಲು ಬದಲಿಸುತ್ತಾಳೆ. ಏಳುವುದಿಲ್ಲ.

ಇಲ್ಲಿ ವಾರ ಶುರುವಾಗುವುದು ಭಾನುವಾರ.
ಎರಡು ವರ್ಷ, ಪ್ರತಿ ಭಾನುವಾರ ಅವಳಿಗೆ ಹೊಟ್ಟೆನೋವು.
ಡಾಕ್ಟರು ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು,
ಇಪ್ಪತ್ತೆರಡು ರಿಯಾಲ್ ತೆಗೆದುಕೊಂಡು ಏನೂ ಇಲ್ಲ ಎಂದರು.
ಶಾಲೆಯ ಡೈರಿಯಲ್ಲಿ ಕೆಂಪು ಶಾಯಿ: ಕಿಟಕಿಯಾಚೆ ನೋಡುತ್ತಾಳೆ.
ಕಿಟಕಿಯಾಚೆ ಏನಿತ್ತೆಂದು ಯಾರೂ ಬರೆದಿರಲಿಲ್ಲ.

ಬಿಡಿಸಿದೆವು.

ಈ ಮಾತಿಗೆ ನನ್ನ ಬಾಯಲ್ಲಿ ಬೀಡಿ ಎಲೆಯ ಘಾಟು.
ಏಳನೇ ಕ್ಲಾಸಿನಿಂದ ನಮ್ಮ ಐಸಮ್ಮಕ್ಕನನ್ನು ಬಿಡಿಸಿದ್ದರು,
ಮಡಿಲಿಗೆ ಮೊರ, ಕೈಗೆ ಕತ್ತರಿ ಕೊಟ್ಟು.
ಅವಳು ಸುತ್ತಿದ ಸಾವಿರಕ್ಕಿಷ್ಟು ಎಂಬ ಕೂಲಿಯಲ್ಲಿ
ನನಗೆ ನೀಲಿ ಲಂಗ, ಕೊಡೆ, ಎಸ್ಸೆಸ್ಸೆಲ್ಸಿ ಫೀಸು.
ನಾನು ಶಾಲೆಯನ್ನು ಪ್ರೀತಿಸಿದವಳು, ಸುಳ್ಳು ಹೇಳಲಾರೆ.
ಸೋರುವ ಹೆಂಚಿನಡಿ ಟೀಚರು ಹಳಗನ್ನಡ ಓದುವಾಗ
ಅರ್ಥವಾಗದೆಯೂ ಮೈ ಜುಮ್ಮೆಂದವಳು.
ಅಂಥ ನಾನೇ, ನನ್ನ ಹೆಣ್ಣುಮಗುವನ್ನು.

ಮೊದಲ ತಿಂಗಳು ಮನೆಯನ್ನೇ ಶಾಲೆ ಮಾಡಿದೆ.
ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ,
ಸ್ಟೀಲ್ ತಟ್ಟೆಗೆ ಸೌಟು ಬಡಿದು ಬೆಲ್ಲು.
ಎರಡನೇ ಪಿರಿಯಡ್ಡಿಗೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು,
ಟೀಚರ್, ಹೊಟ್ಟೆನೋವು, ಎಂದಳು.
ಉಮ್ಮಾ ಅನ್ನಲಿಲ್ಲ.

ಪಟ್ಟಿಯನ್ನು ಹರಿಯಲಿಲ್ಲ. ಅದರ ಬೆನ್ನಿಗೆ ದಿನಸಿ ಚೀಟಿ ಬರೆದೆ.
ಚೀಟಿಯಲ್ಲಿ ಮೀನಿತ್ತು, ಹೋದೆವು.
ಮಾರುಕಟ್ಟೆಯಲ್ಲಿ ಖಲ್ಫಾನಜ್ಜ ತೋಳುದ್ದದ ಅಂಜಲ್ ಎತ್ತಿ ಹಿಡಿದು
ಕನಅದ್, ಕನಅದ್ ಎಂದು ಕೂಗುತ್ತಿದ್ದ.
ಅರ್ವಾ ನನ್ನ ತೋಳು ಜಗ್ಗಿದಳು:
ಉಮ್ಮಾ, ಈ ಮೀನಿಗೆ ನಿನ್ನ ಭಾಷೆಯ ಹೆಸರು!

ನಮ್ಮ ಮನೆಮಾತು ಬ್ಯಾರಿ. ಕನ್ನಡ
ನಾನು ಶಾಲೆಯಿಂದ ಹೊತ್ತು ತಂದದ್ದು,
ಹೊತ್ತು ತಂದು ಇವಳಿಗೆ ಒಂದಕ್ಷರವೂ ದಾಟಿಸದೆ ಇಟ್ಟುಕೊಂಡದ್ದು.
ಅವತ್ತು ಮೀನು ಸುತ್ತಿದ ಒದ್ದೆ ಕಾಗದದ ಮೇಲೆ ಬರೆದು ತೋರಿಸಿದೆ.
ಶಾಯಿ ಹರಡಿತು. ಅವಳು ಬಗ್ಗಿ, ನ್ನ ಕೆಳಗಿನ ಒತ್ತಿಗೆ ಬೆರಳಿಟ್ಟು,
ಇದು ದೋಣಿಯ ನೀರೊಳಗಿನ ಭಾಗವಾ, ಅಂದಳು.

ಎಲ್ಲ ದಿನವೂ ಹೀಗಿರುವುದಿಲ್ಲ.
ಕೆಲವು ದಿನ ಟೈಲ್ಸಿನ ಮೇಲೆ ಅಂಗಾತ ಮಲಗಿ
ಏಸಿಯಿಂದ ಬಕೇಟಿಗೆ ಬೀಳುವ ಹನಿ ಎಣಿಸುತ್ತಾಳೆ, ಅಷ್ಟೇ.
ಏಳರ ಮಗ್ಗಿ ಇನ್ನೂ ಐವತ್ತಾರರಲ್ಲಿ ಎಡವುತ್ತದೆ.
ಹತ್ತನೆಯದರ ಪರೀಕ್ಷೆಗೆ ಏನು ಮಾಡುವುದು,
ಬಂದರಿನ ಪಾಳಿ ಮುಗಿಸಿ ಬಂದ ಇವರು ಕೇಳುತ್ತಾರೆ.
ನನ್ನಲ್ಲಿ ಉತ್ತರವಿಲ್ಲ. ತಟ್ಟೆಯಲ್ಲಿ ಮುಳ್ಳು ಬಿಡಿಸುತ್ತ ಕೂರುತ್ತೇನೆ.
ಲೆಕ್ಕ ಬಿಡಿಸುವುದಕ್ಕೂ ಚಿತ್ರ ಬಿಡಿಸುವುದಕ್ಕೂ
ಗಂಟು ಬಿಡಿಸುವುದಕ್ಕೂ ನಮಗಿರುವುದು ಇದೊಂದೇ ಮಾತು.
ಯಾವುದನ್ನು ಮಾಡಿದೆನೋ, ರಾತ್ರಿಗೆ ತಿಳಿಯುವುದಿಲ್ಲ.

ಐಸಮ್ಮಕ್ಕನಿಗೆ ಹೇಳಲು ಏಳು ತಿಂಗಳು ಬೇಕಾಯಿತು.
ವೀಡಿಯೊದಲ್ಲಿ ಅವಳ ಬೆರಳುಗಳು ಈಗಲೂ ಬರಿದೇ ಸುತ್ತುತ್ತಿರುತ್ತವೆ.
ತುಂಬ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ.
ಮಗುವನ್ನು ಕೇಳಿದಿರಾ? ಅಂದಳು ಕೊನೆಗೆ.
ಕೇಳಿದೆವು.
ಹೂಂ. ನನ್ನನ್ನು ಕೇಳಿರಲಿಲ್ಲ.

ಅಷ್ಟರಲ್ಲಿ ಅರ್ವಾ ಫೋನು ಕಿತ್ತುಕೊಂಡಳು.
ದೊಡ್ಡಮ್ಮಾ, ಇಲ್ಲಿ ಇಳಿತವಾದಾಗ ನೀರು ನಿಮ್ಮಲ್ಲಿಗೆ ಬರುತ್ತಾ?
ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ.
ಇವಳು ಧಕ್ಕೆಯ ಮೆಟ್ಟಿಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದಳು.

ಮೊನ್ನೆ ಮಧ್ಯಾಹ್ನ ಅನ್ನ ಬಸಿಯುತ್ತಿದ್ದೆ, ಕರೆ ಬಂತು.
ಹಿಂದೆ ಗಾಳಿಯ ಸದ್ದು. ಬೆಂಗ್ರೆಯ ಜೆಟ್ಟಿಯಲ್ಲಿ,
ಐವತ್ತೊಂದರ ಪ್ರಾಯದಲ್ಲಿ, ಬುರ್ಖಾದ ಅಂಚು ಒದ್ದೆ ಮಾಡಿಕೊಂಡು
ನಮ್ಮಕ್ಕ ಏದುಸಿರು ಬಿಡುತ್ತಿದ್ದಳು:
ಮೂರು ಮೆಟ್ಟಿಲು ಮುಳುಗಿದೆ ಅಂತ ಬರೆದುಕೊಳ್ಳಲಿ.
ನಾಲ್ಕನೆಯದು ಈಗ ಮುಳುಗುತ್ತದೆ, ಫೋನು ಇಡಬೇಡ.